ಲಂಡನ್, ಸಿಂಗಾಪುರ, ಟೋಕಿಯೊ: ಸಂಸಾರ ಸಮೇತ ಇರೋಕೆ ಯಾವುದು?

ದಾರಿಹೋಕ

ಕೆಲಸದ ಜಾಗ ಬದಲಾಗುತ್ತಿದೆ. ಲಂಡನ್, ಸಿಂಗಾಪುರ, ಟೋಕಿಯೊ, ಈ ಮೂರರಲ್ಲಿ ಯಾವುದು ಬೇಕೋ ನೀವೇ ಹೇಳಿ ಅಂತ ಆಫೀಸಿನವರು ನನಗೇ ಬಿಟ್ಟಿದ್ದಾರೆ. ಕೆಲಸ ಮೂರೂ ಕಡೆ ಹೆಚ್ಚುಕಮ್ಮಿ ಒಂದೇ. ಸಂಬಳ ಆಯಾ ಊರಿಗೆ ತಕ್ಕಂತೆ. ಮನೆಯಲ್ಲಿ ನಾನು, ಹೆಂಡತಿ, ಎಂಟು ವರ್ಷದ ಮಗಳು, ಎಪ್ಪತ್ತು ದಾಟಿದ ಅಮ್ಮ. ಹೆಂಡತಿಯೂ ಕೆಲಸ ಮಾಡುವವಳು, ಬಿಡುವ ಮನಸ್ಸಿಲ್ಲ.

ಪಟ್ಟಿಗಳನ್ನು ಓದಿ ಓದಿ ತಲೆ ಕೆಟ್ಟಿದೆ. ಎಕನಾಮಿಸ್ಟ್ ಇಂಟೆಲಿಜೆನ್ಸ್ ಯುನಿಟ್‌ನ ವಾಸಯೋಗ್ಯ ನಗರಗಳ ಪಟ್ಟಿಯಲ್ಲಿ 2011ರಿಂದ 2017ರವರೆಗೆ ಮೆಲ್ಬರ್ನ್ ಮೊದಲು. 2022ರಿಂದ ಮೂರು ವರ್ಷ ವಿಯೆನ್ನಾ. 2025ರಲ್ಲಿ ಕೋಪನ್‌ಹೇಗನ್. ಸಂತೋಷ, ಆದರೆ ಅಲ್ಲೆಲ್ಲೂ ನನಗೆ ಕೆಲಸ ಇಲ್ಲವಲ್ಲ! ನನ್ನ ಮುಂದಿರುವ ಮೂರು ಊರುಗಳನ್ನು ಹೋಲಿಸುವುದು ಹೇಗೆ? ಇದ್ದು ನೋಡಿದವರು ಹೇಳಿ. "ಎಲ್ಲ ಊರೂ ಅವರವರ ಭಾವಕ್ಕೆ" ಅಂತ ಮಾತ್ರ ಹೇಳಬೇಡಿ, ಅದು ಈಗಾಗಲೇ ಮನೆಯಲ್ಲಿ ಕೇಳಿ ಆಗಿದೆ.

ಲೆಕ್ಕದಮೇಷ್ಟ್ರು

ಆ ಪಟ್ಟಿ ಯಾರಿಗೋಸ್ಕರ ಮಾಡಿದ್ದು ಅಂತ ಮೊದಲು ನೋಡಿ ಸರ್. ನೌಕರರನ್ನು ಕಷ್ಟದ ಊರಿಗೆ ಕಳಿಸುವಾಗ ಎಷ್ಟು ಭತ್ಯೆ ಹೆಚ್ಚು ಕೊಡಬೇಕು ಎಂದು ತೀರ್ಮಾನಿಸಲು ಕಂಪನಿಗಳು ಅದನ್ನು ಬಳಸುತ್ತವೆ. ನೂರರಲ್ಲಿ ಸ್ಥಿರತೆಗೆ 25, ಸಂಸ್ಕೃತಿ ಮತ್ತು ಪರಿಸರಕ್ಕೆ 25, ಆರೋಗ್ಯಕ್ಕೆ 20, ಮೂಲಸೌಕರ್ಯಕ್ಕೆ 20, ಶಿಕ್ಷಣಕ್ಕೆ 10. ಬಾಡಿಗೆ ಎಲ್ಲಿದೆ ಹುಡುಕಿ. ಸಿಗುವುದಿಲ್ಲ. ಜೀವನ ವೆಚ್ಚಕ್ಕೆ ಅವರದೇ ಇನ್ನೊಂದು ಸಮೀಕ್ಷೆ ಇದೆ. ಬಾಡಿಗೆಯನ್ನು ಕಂಪನಿಯೇ ಕಟ್ಟುವ ದೊಡ್ಡ ಸಾಹೇಬರಿಗೆ ಆ ಪಟ್ಟಿ ಸಾಕು.

ಇನ್ನೊಂದು ತಮಾಷೆ ಇದೆ. "ನಗರ" ಅಂದಾಗ ಗಡಿ ಎಲ್ಲಿ ಎಳೆದಿದ್ದಾರೆ ನೋಡಬೇಕು. ಪ್ಯಾರಿಸ್ ಪಾಲಿಕೆ 105 ಚದರ ಕಿಲೋಮೀಟರ್. ಗ್ರೇಟರ್ ಲಂಡನ್ 1,572. ಚೀನಾದ ಚೋಂಗ್‌ಚಿಂಗ್ ಆಡಳಿತದ ಲೆಕ್ಕದಲ್ಲಿ 82,000ಕ್ಕೂ ಜಾಸ್ತಿ, ಹತ್ತಿರ ಹತ್ತಿರ ಆಸ್ಟ್ರಿಯಾ ದೇಶದಷ್ಟು! ವಿಶ್ವಸಂಸ್ಥೆ ವರ್ಷಗಟ್ಟಲೆ ಟೋಕಿಯೊವನ್ನೇ ಅತಿ ದೊಡ್ಡ ನಗರ ಎನ್ನುತ್ತಿತ್ತು. 2025ರ ವರದಿಯಲ್ಲಿ ಎಲ್ಲ ದೇಶಗಳಿಗೂ ಒಂದೇ ಅಳತೆ ಹಿಡಿದಾಗ ಜಕಾರ್ತ ಸುಮಾರು 4.2 ಕೋಟಿ ಜನರೊಂದಿಗೆ ಮೊದಲಾಯಿತು, ಢಾಕಾ ಎರಡನೆಯದು, ಟೋಕಿಯೊ ಮೂರನೆಯದು. ಯಾರೂ ರಾತ್ರೋರಾತ್ರಿ ಗಂಟುಮೂಟೆ ಕಟ್ಟಲಿಲ್ಲ, ಗಡಿ ಬದಲಾಯಿತು ಅಷ್ಟೇ. ಹಾಗಾಗಿ "ಚದರ ಕಿಲೋಮೀಟರಿಗೆ ಇಷ್ಟು ಜನ", "ಇಷ್ಟು ಹಸಿರು" ಅನ್ನುವ ಅಂಕಿಗಳನ್ನು ಅಕ್ಕಪಕ್ಕ ಇಡುವಾಗ ಹುಷಾರು.

ನೇರಮಾತು

ಇಷ್ಟೆಲ್ಲ ಯಾಕೆ ಮಾರಾಯ್ರೆ? ತಿಂಗಳ ಕೊನೆಗೆ ಕೈಯಲ್ಲಿ ಜಾಸ್ತಿ ಉಳಿಯುವ ಊರಿಗೆ ಹೋಗಿ. ಜನ ದೊಡ್ಡ ನಗರಕ್ಕೆ ಹೋಗುವುದೇ ದುಡಿಯೋಕೆ. ಪಾರ್ಕು, ಮ್ಯೂಸಿಯಂ ಎಲ್ಲ ಭಾನುವಾರದ ಮಾತು.

ಲೆಕ್ಕದಮೇಷ್ಟ್ರು

ಉಳಿಯೋದು ಅಂದ್ರೆ ಬರೀ ದುಡ್ಡಾ? ಬಾಡಿಗೆ ಮತ್ತು ಓಡಾಟದ ಹೊತ್ತು ಒಂದೇ ಬಿಲ್ಲಿನ ಎರಡು ಸಾಲು. ಒಂದನ್ನು ಇಳಿಸಿದರೆ ಇನ್ನೊಂದು ಏರುತ್ತದೆ. ಇಟಲಿಯ ಚೆಸಾರೆ ಮಾರ್ಕೆಟ್ಟಿ ಎಂಬ ಭೌತಶಾಸ್ತ್ರಜ್ಞ 1994ರಲ್ಲಿ ಇದರ ಬಗ್ಗೆ ಬರೆದಿದ್ದರು: ಮನುಷ್ಯರು ಯಾವ ಕಾಲದಲ್ಲೂ ದಿನಕ್ಕೆ ಸರಾಸರಿ ಒಂದು ಗಂಟೆಯನ್ನು ಓಡಾಟಕ್ಕೆ ಕೊಡುತ್ತಾ ಬಂದಿದ್ದಾರೆ. ರೈಲು, ಕಾರು ಬಂದಾಗ ಆ ಗಂಟೆ ಉಳಿಯಲಿಲ್ಲ. ಜನ ಇನ್ನೂ ದೂರ ಹೋಗಿ ಮನೆ ಮಾಡಿದರು. ಹ್ಯೂಸ್ಟನ್‌ನಲ್ಲಿ ಕೇಟಿ ಫ್ರೀವೇ ಎಂಬ ಹೆದ್ದಾರಿಯನ್ನು 2008ರ ಹೊತ್ತಿಗೆ ಕೆಲವೆಡೆ 26 ಲೇನ್‌ವರೆಗೂ ಅಗಲ ಮಾಡಿದರು, ಪಕ್ಕದ ಸರ್ವಿಸ್ ರಸ್ತೆಗಳೂ ಸೇರಿ. ಕೆಲವೇ ವರ್ಷಗಳಲ್ಲಿ ಬೆಳಗಿನ ಪ್ರಯಾಣದ ಸಮಯ ಮತ್ತೆ ಏರಿತು.

ದೊಡ್ಡ ಊರಲ್ಲಿ ದುಡಿಮೆ ಜಾಸ್ತಿ ಅನ್ನೋದು ಸುಳ್ಳಲ್ಲ. ಬೆಟೆನ್‌ಕೋರ್ಟ್, ಜೆಫ್ರಿ ವೆಸ್ಟ್ ಎಂಬ ಸಂಶೋಧಕರು ಮತ್ತು ಅವರ ಜೊತೆಗಾರರು 2007ರಲ್ಲಿ ತೋರಿಸಿದ್ದು ಅದನ್ನೇ. ಜನ ದುಪ್ಪಟ್ಟಾದರೆ ಊರಿನ ಒಟ್ಟು ಗಳಿಕೆ ದುಪ್ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಅಪರಾಧವೂ ಅದೇ ರೀತಿ ಏರುತ್ತದೆ. ನೇರಮಾತು ಅವರು ಮೊದಲ ಅರ್ಧ ಮಾತ್ರ ಹೇಳಿದರು.

ಮೂರನೇಮಹಡಿ

ನಾನು ಟೋಕಿಯೊದಲ್ಲಿದ್ದೇನೆ, ಅದನ್ನಷ್ಟೇ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ.

ಇಷ್ಟು ದೊಡ್ಡ ಊರಿಗೆ ಇಲ್ಲಿನ ಬಾಡಿಗೆ ಹೇಗೆ ಹಿಡಿತದಲ್ಲಿದೆ ಅಂತ ಬಂದ ಹೊಸದರಲ್ಲಿ ಎಲ್ಲರಿಗೂ ಆಶ್ಚರ್ಯ. ದೊಡ್ಡ ಕಾರಣ, ಇಲ್ಲಿ ಮನೆ ಕಟ್ಟುತ್ತಲೇ ಇರುತ್ತಾರೆ. ಯಾವ ಜಾಗದಲ್ಲಿ ಏನು ಕಟ್ಟಬಹುದು ಎಂಬ ವಲಯದ ನಿಯಮಗಳ ಚೌಕಟ್ಟು ಇಡೀ ದೇಶಕ್ಕೆ ಒಂದೇ. ಅದರೊಳಗೆ ಕಟ್ಟಿದರೆ ಪಕ್ಕದ ಬೀದಿಯವರು ಬೇಡ ಅಂದ ಮಾತ್ರಕ್ಕೆ ನಿಲ್ಲಿಸಲು ಕಷ್ಟ. ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಮನೆಗಳ ಕೆಲಸ ಶುರುವಾಗುತ್ತದೆ. ಈಚೆಗೆ ಇಲ್ಲೂ ಬೆಲೆ ಏರಿದೆ, ಅದು ಬೇರೆ ಮಾತು.

ಮನೆ ಮಾತ್ರ ಚಿಕ್ಕದು. ನಾಲ್ಕು ಜನಕ್ಕೆ ಅಂದರೆ ಇನ್ನೂ ಯೋಚಿಸಬೇಕು. ಮನೆ ಹಿಡಿಯುವಾಗ ಠೇವಣಿ, ದಲ್ಲಾಳಿ ಹಣ, ಖಾತರಿ ಕಂಪನಿಯ ಶುಲ್ಕ. ಇದರ ಮೇಲೆ ಕೆಲವೆಡೆ "ರೇಕಿನ್" ಅಂತ ಮಾಲೀಕನಿಗೆ ಕೊಡುವ ದುಡ್ಡು, ಅದು ವಾಪಸ್ ಬರಲ್ಲ. ಹೊರದೇಶದವರು ಅಂದ ತಕ್ಷಣ "ಮನೆ ಖಾಲಿ ಇಲ್ಲ" ಆಗುವುದೂ ಇದೆ. ನನಗೇ ಆಗಿದೆ. ಕಂಪನಿಯವರೇ ಮನೆ ಹಿಡಿದುಕೊಟ್ಟರೆ ಆ ತಲೆನೋವು ಅರ್ಧ ಕಮ್ಮಿ, ಅದನ್ನು ಆಫರ್ ಒಪ್ಪುವ ಮುಂಚೆಯೇ ಕೇಳಿ.

ಕಟ್ಟಡ ಯಾವ ವರ್ಷದ್ದು ಅಂತ ತಪ್ಪದೆ ನೋಡಿ. 1981ರ ಜೂನ್‌ನಲ್ಲಿ ಭೂಕಂಪದ ನಿಯಮ ಬಿಗಿಯಾಯಿತು. ಅದರ ನಂತರ ಅನುಮತಿ ಪಡೆದ ಕಟ್ಟಡವೇ ಇರಲಿ. ವಾರ್ಡಿನವರು ಪ್ರವಾಹದ ನಕ್ಷೆ ಕೊಡುತ್ತಾರೆ. ಪೂರ್ವದ ಕಡೆ ಸಮುದ್ರಮಟ್ಟಕ್ಕಿಂತ ತಗ್ಗಿನ ಜಾಗಗಳಿವೆ, ಬಾಡಿಗೆ ಕಮ್ಮಿ ಅಂತ ಹೋಗುವ ಮುಂಚೆ ಆ ನಕ್ಷೆ ತೆರೆದು ನೋಡಿ.

ನನಗೆ ಇಲ್ಲಿ ಎಲ್ಲಕ್ಕಿಂತ ಇಷ್ಟ ಆಗೋದು ಒಳಬೀದಿಗಳು. ಕಾರು ಕೊಳ್ಳಬೇಕಾದರೆ ನಿಲ್ಲಿಸಲು ಸ್ವಂತ ಜಾಗ ಇದೆ ಎಂದು ಪೊಲೀಸರಿಂದ ಪ್ರಮಾಣಪತ್ರ ಬೇಕು. 1962ರ ಕಾನೂನು. ಬೀದಿಯಲ್ಲಿ ರಾತ್ರಿಯಿಡೀ ಕಾರು ನಿಲ್ಲಿಸುವ ಹಾಗಿಲ್ಲ. ಹಾಗಾಗಿ ಕಿರಿದಾದ ಬೀದಿಯಲ್ಲೂ ಮಕ್ಕಳು ಆರಾಮಾಗಿ ನಡೆಯುತ್ತಾರೆ. ಆರೇಳು ವರ್ಷದ ಮಕ್ಕಳು ದೊಡ್ಡವರಿಲ್ಲದೆ ಗುಂಪಾಗಿ ಶಾಲೆಗೆ ಹೋಗುವುದು ಇಲ್ಲಿ ಮಾಮೂಲು. ನಿಮ್ಮ ಮಗಳಿಗೆ ಇಂಥ ಸ್ವಾತಂತ್ರ್ಯ ಬೇರೆ ದೊಡ್ಡ ಊರಲ್ಲಿ ಸಿಗುವುದು ಅಪರೂಪ.

ಆದರೆ ಸರ್ಕಾರಿ ಶಾಲೆಯಲ್ಲಿ ಪಾಠ ಜಪಾನೀಸ್‌ನಲ್ಲಿ. ವಿದೇಶಿ ಮಕ್ಕಳನ್ನೂ ಶುಲ್ಕವಿಲ್ಲದೆ ಸೇರಿಸಿಕೊಳ್ಳುತ್ತಾರೆ. ಎಂಟು ವರ್ಷಕ್ಕೆ ಮಗು ಕಲಿತೀತು, ಮೊದಲ ವರ್ಷ ಕಣ್ಣೀರು ಗ್ಯಾರಂಟಿ.

ನೇರಮಾತು

ರೈಲಲ್ಲಿ ಜನರನ್ನು ತಳ್ಳಿ ತುಂಬುವ ಊರು ಅಲ್ವಾ ಅದು? ಅದಕ್ಕೆ ಎಷ್ಟು ಮಾರ್ಕ್ಸ್?

ಮೂರನೇಮಹಡಿ

ಬೆಳಗ್ಗೆ ಎಂಟಕ್ಕೆ ಕೆಲವು ಮಾರ್ಗದಲ್ಲಿ ಹೌದು, ಉಸಿರಾಡೋಕೂ ಜಾಗ ಇರಲ್ಲ. ಶಿಂಜುಕು ನಿಲ್ದಾಣವೊಂದರಲ್ಲೇ ದಿನಕ್ಕೆ ಸುಮಾರು 30 ಲಕ್ಷ ಜನ ಓಡಾಡುತ್ತಾರೆ, ಗಿನ್ನೆಸ್ ದಾಖಲೆ ಅದರ ಹೆಸರಲ್ಲಿದೆ. ಆದರೆ ರೈಲು ಎಷ್ಟು ಹೊತ್ತಿಗೆ ಮುಟ್ಟಿಸುತ್ತದೆ ಅಂತ ನಿಮಿಷದ ಲೆಕ್ಕದಲ್ಲಿ ಹೇಳಬಹುದು. ಪಾಸಿನ ದುಡ್ಡನ್ನು ಸಾಮಾನ್ಯವಾಗಿ ಕಂಪನಿಯೇ ಕೊಡುತ್ತದೆ. ಬಳಲಿಕೆ ರೈಲಿನಿಂದ ಅಲ್ಲ, ಆಫೀಸಿನಿಂದ ತಡವಾಗಿ ಬಿಡುವುದರಿಂದ.

ಒಂದ್ನಿಮಿಷ

ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ಅಮ್ಮನ ವೀಸಾ ವಿಚಾರಿಸಿದ್ರಾ? ಬಾಡಿಗೆ, ರೈಲು ಎಲ್ಲ ಆಮೇಲೆ.

ಬ್ರಿಟನ್: ಕೆಲಸದ ವೀಸಾದವರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಬಹುದು. ತಂದೆ ತಾಯಿ ಆ ಪಟ್ಟಿಯಲ್ಲಿ ಬರಲ್ಲ. ವಯಸ್ಸಾದ ಅವಲಂಬಿತರಿಗೆ ಬೇರೆ ದಾರಿ ಇದೆ, ಆದರೆ ಅದು ಅಲ್ಲೇ ನೆಲೆಸುವ ಹಕ್ಕು ಪಡೆದವರ ತಂದೆತಾಯಿಗೆ. 2012ರಲ್ಲಿ ಅದನ್ನೂ ಎಷ್ಟು ಬಿಗಿ ಮಾಡಿದರು ಅಂದರೆ ಸಿಗುವುದೇ ಅಪರೂಪ. ಸಂದರ್ಶಕರಾಗಿ ಒಂದು ಸಲಕ್ಕೆ ಆರು ತಿಂಗಳವರೆಗೆ ಬಂದು ಹೋಗಬಹುದು ಅಷ್ಟೇ.

ಜಪಾನ್: ಸಾಮಾನ್ಯ ಕೆಲಸದ ವೀಸಾದಲ್ಲಿ ತಂದೆತಾಯಿಗೆ ಅವಕಾಶ ಇಲ್ಲ. ಉನ್ನತ ಕೌಶಲದ ವರ್ಗದಲ್ಲಿ ಹೋದವರಿಗೆ ವಿನಾಯಿತಿ ಇದೆ. ಅದಕ್ಕೆ ಮನೆಯ ವಾರ್ಷಿಕ ಆದಾಯ 80 ಲಕ್ಷ ಯೆನ್ ಇರಬೇಕು, ಮತ್ತು ಏಳು ವರ್ಷದೊಳಗಿನ ಮಗುವನ್ನು ನೋಡಿಕೊಳ್ಳಲು ಬರುವಂತಿರಬೇಕು. ನಿಮ್ಮ ಮಗಳಿಗೆ ಎಂಟು.

ಸಿಂಗಾಪುರ: ಎಂಪ್ಲಾಯ್‌ಮೆಂಟ್ ಪಾಸ್ ಎಂಬ ಕೆಲಸದ ಪರವಾನಗಿಯಲ್ಲಿರುವವರ ನಿಗದಿತ ಸಂಬಳ ತಿಂಗಳಿಗೆ 12,000 ಸಿಂಗಾಪುರ ಡಾಲರ್ ಇದ್ದರೆ ತಂದೆತಾಯಿಗೆ ದೀರ್ಘಾವಧಿಯ ಪಾಸ್ ಕೇಳಬಹುದು. ಹೆಂಡತಿ ಮಕ್ಕಳಿಗೆ ಆ ಮಿತಿ 6,000.

ನಿಯಮ ಬದಲಾಗುತ್ತಲೇ ಇರುತ್ತವೆ, ಹೋಗುವ ಹೊತ್ತಿಗೆ ಸರ್ಕಾರದ ಪುಟದಲ್ಲೇ ಮತ್ತೆ ನೋಡಿ. ಯಾವ ವಾಸಯೋಗ್ಯತೆಯ ಪಟ್ಟಿಯಲ್ಲೂ "ನಿಮ್ಮ ಅಮ್ಮ ಇಲ್ಲಿ ಇರಬಹುದಾ" ಅನ್ನೋ ಕಾಲಂ ಇಲ್ಲ.

ದಾರಿಹೋಕ

ಆಫೀಸಿನವರು ಹೆಂಡತಿ, ಮಗಳ ಕಾಗದಪತ್ರದ ಬಗ್ಗೆ ಮಾತ್ರ ಹೇಳಿದ್ದರು. ಇದು ದೊಡ್ಡ ಸುದ್ದಿ. ಹಾಗಾದರೆ ಹೆಂಡತಿಯ ಕೆಲಸಕ್ಕೂ ಇದೇ ಥರ ಏನಾದರೂ ಇದೆಯಾ?

ಒಂದ್ನಿಮಿಷ

ಇದೆ, ಮತ್ತು ಅದು ಉಲ್ಟಾ. ಬ್ರಿಟನ್‌ನಲ್ಲಿ ಅವಲಂಬಿತ ವೀಸಾದಲ್ಲಿ ಬಂದ ಗಂಡ ಅಥವಾ ಹೆಂಡತಿ ಹೆಚ್ಚುಕಮ್ಮಿ ಯಾವ ಕೆಲಸವನ್ನಾದರೂ ಮಾಡಬಹುದು. ಜಪಾನ್‌ನಲ್ಲಿ ಅನುಮತಿ ಪಡೆದು ವಾರಕ್ಕೆ 28 ಗಂಟೆ. ಪೂರ್ತಿ ಕೆಲಸ ಬೇಕಾದರೆ ಅವರಿಗೂ ಸ್ವಂತ ಕೆಲಸದ ವೀಸಾ. ಸಿಂಗಾಪುರದಲ್ಲಿ 2021ರ ಮೇ ತಿಂಗಳಿಂದ ಅವಲಂಬಿತರು ಕೆಲಸ ಮಾಡಬೇಕಾದರೆ ಅವರ ಹೆಸರಲ್ಲೇ ಕೆಲಸದ ಪಾಸ್ ಬೇಕು. ಅಂದರೆ ಪಾಸ್ ಮಾಡಿಸಿಕೊಡಲು ಒಪ್ಪುವ ಕಂಪನಿಯನ್ನು ಅವರೇ ಹುಡುಕಬೇಕು.

ಲೆಕ್ಕದಮೇಷ್ಟ್ರು

ನೋಡಿ, ಒಂದೇ ಮನೆಯ ನಾಲ್ಕು ಜನಕ್ಕೆ ಒಂದೇ ಊರು ನಾಲ್ಕು ಊರಾಯಿತು. ದಾರಿಹೋಕರೇ, ನಿಮ್ಮ ದಿನವನ್ನು ಬಿಡಿ. ಆಫೀಸು, ಸಂಬಳ ಇರುವವನು ಎಲ್ಲಿಯಾದರೂ ಸುಧಾರಿಸಿಕೊಳ್ಳುತ್ತಾನೆ. ಉಳಿದ ಮೂವರ ಮಂಗಳವಾರ ಮಧ್ಯಾಹ್ನ ಹೇಗಿರುತ್ತದೆ ಅಂತ ಯೋಚಿಸಿ.

ಕೊನೆಬಸ್

ಲಂಡನ್ ಬಗ್ಗೆ ನಾನು. ಹೆಂಡತಿಯ ಕೆಲಸದ ಮಾತು ಬಂದಿತು, ಅದು ನಿಜಕ್ಕೂ ದೊಡ್ಡದು. ಎರಡು ಸಂಬಳ ಬಂದರೆ ಲಂಡನ್‌ನ ಲೆಕ್ಕವೇ ಬೇರೆ. ಒಂದೇ ಸಂಬಳದಲ್ಲಿ ನಾಲ್ಕು ಜನ ಅಂದರೆ ಬಾಡಿಗೆಗೆ ಹೆದರಿ ದೂರ ಹೋಗುತ್ತೀರಿ, ಆಮೇಲೆ ರೈಲಿನ ಟಿಕೆಟ್‌ಗೆ ಹೆದರುತ್ತೀರಿ. ಬಾಡಿಗೆ ಮನೆಗೆ ಠೇವಣಿಯಾದರೂ ಮಿತಿಯಲ್ಲಿದೆ: ಮಾಮೂಲಿ ಮನೆಗೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, 2019ರಿಂದ. ಮನೆಗಳು ಹಳೆಯವು. ಗೋಡೆಯಲ್ಲಿ ತೇವ, ಕಿಟಕಿಯಲ್ಲಿ ಗಾಳಿ. ನಮ್ಮ ಮನೆಯ ಮಾಲೀಕರು ಬೂಸ್ಟು ಹಿಡಿದ ಗೋಡೆಗೆ ಮೂರು ಸಲ ಬಣ್ಣ ಹೊಡೆಸಿದರು, ಗೋಡೆ ಮಾತ್ರ ರಿಪೇರಿ ಮಾಡಿಸಲಿಲ್ಲ.

ಶಾಲೆ ಉಚಿತ, ಪಾಠ ಇಂಗ್ಲಿಷ್‌ನಲ್ಲಿ. ಒಳ್ಳೆ ಶಾಲೆಯಲ್ಲಿ ಸೀಟು ಮನೆಯಿಂದ ಶಾಲೆಗೆ ಎಷ್ಟು ದೂರ ಅನ್ನುವುದರ ಮೇಲೆ ನಿಂತಿರುತ್ತದೆ. ಹಾಗಾಗಿ ಆ ಶಾಲೆಯ ಸುತ್ತಲಿನ ಬಾಡಿಗೆಯಲ್ಲೇ ಫೀಸೂ ಸೇರಿಕೊಂಡಿರುತ್ತದೆ ಅನ್ನಿ. ವರ್ಷದ ಮಧ್ಯೆ ಬಂದರೆ ಎಲ್ಲಿ ಸೀಟು ಖಾಲಿಯೋ ಅಲ್ಲಿಗೆ.

ಅಮ್ಮ ಆರು ತಿಂಗಳಿಗೆ ಬಂದರೂ ಯಾವ ಆರು ತಿಂಗಳು ಅನ್ನೋದು ಮುಖ್ಯ. ಡಿಸೆಂಬರ್‌ನಲ್ಲಿ ಹಗಲು ಎಂಟು ಗಂಟೆ ಇರುತ್ತದೆ, ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಜೂನ್‌ನಲ್ಲಿ ಹದಿನಾರು ಗಂಟೆ ದಾಟುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಕರೆಸಿ. ಭೂಗತ ರೈಲು 1863ರಲ್ಲಿ ಶುರುವಾದದ್ದು, ಮೆಟ್ಟಿಲು ಹತ್ತದೆ ಹೋಗಬಹುದಾದ ನಿಲ್ದಾಣಗಳು ಸುಮಾರು ಮೂರನೇ ಒಂದು ಭಾಗ ಮಾತ್ರ. ಮಂಡಿ ನೋವಿದ್ದರೆ ಬಸ್ಸೇ ಗತಿ. ಅದೇನೂ ಕಮ್ಮಿಯಲ್ಲ. ಎಲ್ಲ ಬಸ್ಸೂ ತಗ್ಗಿನ ನೆಲದ್ದು, ಗಾಲಿಕುರ್ಚಿಗೆ ರ್‍ಯಾಂಪ್ ಇರುತ್ತದೆ, ಮೇಲಿನ ಮಹಡಿಯಿಂದ ಊರೂ ಕಾಣುತ್ತದೆ.

ಗಾಳಿಪಟ

ಗಾಳಿಯ ಬಗ್ಗೆ ಯಾರೂ ಹೇಳಲಿಲ್ಲ?

ಕೊನೆಬಸ್

1952ರ ಡಿಸೆಂಬರಿನಲ್ಲಿ ಹೊಗೆಮಂಜು ಕವಿದು ಸಾವಿರಾರು ಜನ ಸತ್ತ ಊರು ಇದು. ಈಗ 2023ರ ಆಗಸ್ಟ್‌ನಿಂದ ಎಲ್ಲ ಬರೋಗಳಲ್ಲೂ (ಊರಿನ ಆಡಳಿತ ವಿಭಾಗಗಳು) ಹೆಚ್ಚು ಹೊಗೆ ಬಿಡುವ ಹಳೇ ಗಾಡಿಗೆ ದಿನದ ಲೆಕ್ಕದಲ್ಲಿ ಶುಲ್ಕ. ಮುಖ್ಯ ರಸ್ತೆಯಿಂದ ಒಂದು ಬೀದಿ ಒಳಗೆ ಮನೆ ಹಿಡಿದರೆ ವ್ಯತ್ಯಾಸ ಮೂಗಿಗೇ ಗೊತ್ತಾಗುತ್ತದೆ.

ತೇವಗಾಳಿ

ಸಿಂಗಾಪುರದಲ್ಲಿದ್ದೆ, ಈಗ ಬಿಟ್ಟಿದ್ದೇನೆ. ಅಮ್ಮನವರಿಗೆ ಅಂದರೆ ಮೂರರಲ್ಲಿ ಇದೇ ಸಲೀಸು. 1960ರಲ್ಲಿ ಶುರುವಾದ ಸರ್ಕಾರಿ ವಸತಿ ಮಂಡಳಿ ಎಚ್‌ಡಿಬಿ ಕಟ್ಟಿದ ಫ್ಲಾಟುಗಳಲ್ಲೇ ಅಲ್ಲಿನ ನಿವಾಸಿಗಳಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಜನ ಇರುವುದು. ಸಂಘದ ಕೋಣೆ, ಕ್ಲಿನಿಕ್, ಅಂಗಡಿ ಎಲ್ಲ ಕೆಳಗೇ. ಮೆಟ್ರೋ ನಿಲ್ದಾಣದ ಸುತ್ತ ಮಳೆ ಬಿಸಿಲಿಗೆ ಮೇಲ್ಛಾವಣಿಯ ಕಾಲುದಾರಿ. ಹಳೆಯ ಬ್ಲಾಕುಗಳಲ್ಲಿ ಮೊದಲು ಲಿಫ್ಟ್ ಕೆಲವೇ ಮಹಡಿಯಲ್ಲಿ ನಿಲ್ಲುತ್ತಿತ್ತು, 2001ರ ನಂತರ ಮಹಡಿ ಮಹಡಿಗೂ ನಿಲ್ಲುವ ಹಾಗೆ ಬದಲಾಯಿಸುತ್ತಾ ಬಂದರು. ವಯಸ್ಸಾದವರು ಒಬ್ಬರೇ ಹೊರಗೆ ಹೋಗಿ ಬರುವುದಕ್ಕೆ ಇಷ್ಟು ಅನುಕೂಲ ನಾನು ಬೇರೆಡೆ ನೋಡಿಲ್ಲ.

ಆದರೆ ಅವರು "ಹೊರಗಿನವರು" ಅನ್ನೋದನ್ನು ಮರೀಬೇಡಿ. ರಸ್ತೆ ದಾಟುವ ಕಡೆ ಹಿರಿಯರು ಕಾರ್ಡ್ ಮುಟ್ಟಿಸಿದರೆ ಹಸಿರು ದೀಪ ಕೆಲವು ಸೆಕೆಂಡ್ ಜಾಸ್ತಿ ಉರಿಯುತ್ತದೆ, ಎಂಥ ಒಳ್ಳೆ ಯೋಚನೆ! ಆ ಕಾರ್ಡ್ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ. ಆಸ್ಪತ್ರೆಯ ಸಬ್ಸಿಡಿಯೂ ಹಾಗೇ. ಎಪ್ಪತ್ತು ದಾಟಿದವರಿಗೆ ಖಾಸಗಿ ವಿಮೆ ಮಾಡಿಸುವುದು ಸುಲಭ ಅಲ್ಲ, ಅದರ ಕಂತು ಕೇಳಿದ ಮೇಲೆ ನಿಮ್ಮ ಇಡೀ ಲೆಕ್ಕ ಮತ್ತೆ ಹಾಕಬೇಕಾಗಬಹುದು. ಬಾಡಿಗೆಗಿಂತ ಮೊದಲು ಇದನ್ನು ಕೇಳಿ.

ಎಚ್‌ಡಿಬಿ ಫ್ಲಾಟನ್ನು ವಿದೇಶಿಯರು ಬಾಡಿಗೆಗೆ ಹಿಡಿಯಬಹುದು, ಕನಿಷ್ಠ ಆರು ತಿಂಗಳು. ಒಂದು ಬ್ಲಾಕಿನಲ್ಲಿ ಇಷ್ಟೇ ಶೇಕಡಾ ಅಂತ ಮಿತಿಯೂ ಇದೆ. ಬ್ಲಾಕಿಗೆ 11, ನೆರೆಹೊರೆಗೆ 8. ಹಾಗಾಗಿ ಇಷ್ಟವಾದ ಮನೆ ಖಾಲಿ ಇದ್ದರೂ ಸಿಗದೆ ಇರಬಹುದು. ಮನೆ ಕೊಳ್ಳುವ ಆಸೆ ಬೇಡ, 2023ರ ಏಪ್ರಿಲ್‌ನಿಂದ ವಿದೇಶಿಯರಿಗೆ ಹೆಚ್ಚುವರಿ ಸ್ಟಾಂಪ್ ಸುಂಕವೇ ಬೆಲೆಯ ಶೇಕಡಾ 60. ಕಾರಿನ ಆಸೆಯೂ ಬೇಡ. 1990ರಿಂದ ಕಾರಿಗಿಂತ ಮೊದಲು ಹತ್ತು ವರ್ಷದ ಪರವಾನಗಿಯನ್ನು ಹರಾಜಿನಲ್ಲಿ ಹಿಡಿಯಬೇಕು. ಅದರಿಂದಲೇ ರಸ್ತೆ ಖಾಲಿ, ಬಸ್ಸು ಸಮಯಕ್ಕೆ. ಕಾರಿಲ್ಲದವನು ಅಲ್ಲಿ ಬಡವ ಅನ್ನಿಸಿಕೊಳ್ಳಲ್ಲ.

ಸೆಕೆ ಮಾತ್ರ ಹನ್ನೆರಡು ತಿಂಗಳೂ ಒಂದೇ. ನಾನು ಊರು ಬಿಟ್ಟ ಕಾರಣಗಳಲ್ಲಿ ಅದೂ ಒಂದು, ನಗಬೇಡಿ.

ನಲ್ಲಿನೀರು

ನೀರಿನ ಬಗ್ಗೆಯೂ ಒಂದು ಮಾತು. ಕೇಪ್‌ಟೌನ್‌ನಲ್ಲಿ 2018ರ ಫೆಬ್ರವರಿಯಿಂದ ತಲೆಗೆ ದಿನಕ್ಕೆ 50 ಲೀಟರ್ ಮಿತಿ ಹಾಕಿದ್ದರು. ಅಷ್ಟು ಚೆಂದದ ಊರಿನ ಜನ ಬಕೆಟ್ ಹಿಡಿದು ಸ್ನಾನದ ನೀರನ್ನು ಕಕ್ಕಸಿಗೆ ಹೊಯ್ದರು. ಮೆಕ್ಸಿಕೋ ನಗರ ಅಂತರ್ಜಲ ಎತ್ತಿ ಎತ್ತಿ ನೆಲವೇ ಕುಸಿಯುತ್ತಿದೆ. ಸಿಂಗಾಪುರಕ್ಕೆ ಸ್ವಂತ ನದಿಗಳು ಸಾಲವು. ಮಲೇಷ್ಯಾದ ಜೊಹೋರ್‌ನಿಂದ ನೀರು ತರುವ 1962ರ ಒಪ್ಪಂದ 2061ಕ್ಕೆ ಮುಗಿಯುತ್ತದೆ. ಅದಕ್ಕೇ 2003ರಿಂದ ಬಳಸಿದ ನೀರನ್ನು ಶುದ್ಧ ಮಾಡಿ ಮತ್ತೆ ಬಳಸುತ್ತಿದ್ದಾರೆ, ಸಮುದ್ರದ ನೀರಿನ ಉಪ್ಪನ್ನೂ ತೆಗೆಯುತ್ತಾರೆ. ಕೊರತೆ ಇರುವುದು ಗೊತ್ತಿದ್ದು ತಯಾರಿ ಮಾಡಿಕೊಂಡ ಊರು ನನಗೆ ವಾಸಿ.

ನೇರಮಾತು

ಒಪ್ಪಿದೆ, ಬರೀ ದುಡ್ಡಲ್ಲ. ಆದರೂ ಕೇಳ್ತೀನಿ, ಆಫರ್ 12,000 ಡಾಲರ್ ದಾಟುತ್ತಾ? ಕೊನೆಗೆ ಎಲ್ಲ ಬಂದು ನಿಂತದ್ದು ಅಲ್ಲೇ ಅಲ್ವಾ.

ದಾರಿಹೋಕ

ಹತ್ತಿರ ಇದೆ, ದಾಟಿಲ್ಲ. ಅದನ್ನು ದಾಟಿಸಿ ಕೊಡಿ ಎಂದು ಕೇಳಿದ್ದೇನೆ. ಭತ್ಯೆ ಸೇರಿಸಿ ತೋರಿಸ್ತೀವಿ ಅನ್ನುತ್ತಿದ್ದಾರೆ.

ಅಮ್ಮನನ್ನು ಕೂರಿಸಿಕೊಂಡು ಇಲ್ಲಿನ ಉತ್ತರಗಳನ್ನೆಲ್ಲ ಓದಿ ಹೇಳಿದೆ. ಅವರು ಲಂಡನ್ನಿನ ಕತ್ತಲು ಬೇಡ ಅಂದರು, ಆಮೇಲೆ "ಸೊಸೆ ಕೆಲಸ ಬಿಡೋದಾದರೆ ಎಲ್ಲೂ ಬೇಡ" ಅಂದರು. ಹೆಂಡತಿಗೆ ಲಂಡನ್ ಕಡೆ ಮನಸ್ಸು, ಅದು ಸಹಜ. ಮಗಳಿಗೆ ಒಬ್ಬಳೇ ಶಾಲೆಗೆ ಹೋಗುವ ಸುದ್ದಿ ಕೇಳಿ ಟೋಕಿಯೊ ಬೇಕಂತೆ! ಟೋಕಿಯೊ ಕೈಬಿಟ್ಟಿದ್ದೇವೆ. ಹೆಂಡತಿ ಈಗ ಸಿಂಗಾಪುರದಲ್ಲೇ ಅವಳ ಕ್ಷೇತ್ರದ ಕಂಪನಿಗಳಿಗೆ ಅರ್ಜಿ ಹಾಕುತ್ತಿದ್ದಾಳೆ. ಅವಳಿಗೆ ಪಾಸ್ ಸಿಕ್ಕರೆ ಸಿಂಗಾಪುರ. ಇಲ್ಲದಿದ್ದರೆ ಲಂಡನ್, ಅಮ್ಮ ಬೇಸಿಗೆಗೆ ಬಂದು ಹೋಗುವುದು, ಉಳಿದ ತಿಂಗಳು ತಂಗಿಯ ಮನೆ. ಎರಡನೆಯದು ನನಗೆ ಅಷ್ಟಾಗಿ ಹಿಡಿಸುತ್ತಿಲ್ಲ.

ತೇವಗಾಳಿ

ಸಿಂಗಾಪುರ ಆದರೆ ಮಗಳ ಶಾಲೆಯನ್ನು ಈಗಲೇ ಹಿಡಿಯಿರಿ. ಸರ್ಕಾರಿ ಶಾಲೆಯಲ್ಲಿ ನಾಗರಿಕರು, ಕಾಯಂ ನಿವಾಸಿಗಳು ಮೊದಲು. ಅವಳ ವಯಸ್ಸಿನ ವಿದೇಶಿ ಮಕ್ಕಳು ಎಇಐಎಸ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು, ಇಂಗ್ಲಿಷ್ ಮತ್ತು ಗಣಿತ. ಸಾಮಾನ್ಯವಾಗಿ ಸೆಪ್ಟೆಂಬರ್ ಸುಮಾರಿಗೆ ನಡೆಯುತ್ತದೆ. ಪಾಸಾದರೂ ಸೀಟು ಖಾಲಿ ಇದ್ದರೆ ಮಾತ್ರ. ಇಲ್ಲದಿದ್ದರೆ ಇಂಟರ್‌ನ್ಯಾಷನಲ್ ಶಾಲೆ, ಅದರ ಫೀಸನ್ನೂ ಆಫೀಸಿನವರ ಭತ್ಯೆಯಲ್ಲಿ ಸೇರಿಸಿ ಕೇಳಿ.

ಒಂದ್ನಿಮಿಷ

ಭತ್ಯೆ ಸೇರಿಸಿ ತೋರಿಸ್ತೀವಿ ಅಂದ್ರಲ್ಲ, ಅದರ ಬಗ್ಗೆ: ಪಾಸ್‌ಗೆ ಲೆಕ್ಕ ಹಿಡಿಯುವುದು ಪ್ರತಿ ತಿಂಗಳೂ ಬದಲಾಗದೆ ಬರುವ ನಿಗದಿತ ಸಂಬಳ. ಬೋನಸ್, ಓವರ್‌ಟೈಮ್ ಅದರಲ್ಲಿ ಬರಲ್ಲ. ಯಾವ ಭತ್ಯೆಯನ್ನು ಹೇಗೆ ಕೊಡ್ತಾರೆ ಅಂತ ಆಫರ್ ಪತ್ರದಲ್ಲೇ ಬರೆಸಿಕೊಳ್ಳಿ. ಅದು ಕೈಗೆ ಬಂದ ಮೇಲೆ ಇಲ್ಲಿನ ಕೆಲಸಕ್ಕೆ ರಾಜೀನಾಮೆ.